ಕೆಳಸಾಲಿನ ಐದು ಎಡೆ

ಮುನಿತಾಯಮ್ಮನಿಗೆ ಇಲಿ ಕಂಡರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ರಾಗಿ ಕಣಜಕ್ಕೆ ಕನ್ನ ಕೊರೆಯುವ ಜಾತಿಯನ್ನು ಯಾವ ಒಕ್ಕಲು ಹೆಂಗಸು ತಾನೆ ಮುದ್ದಾಡುತ್ತಾಳೆ? ಅಂಥವಳು ಐವತ್ತು ದಾಟಿದ ಮೇಲೆ ನೂರಿಪ್ಪತ್ತು ಬಿಳಿ ಇಲಿಗಳಿಗೆ ಹೊತ್ತುಹೊತ್ತಿಗೆ ಕಾಳು ನೀರು ಕಾಣಿಸುವ ಕೆಲಸಕ್ಕೆ ಸೇರಿದಾಗ ಮಾರೇನಹಳ್ಳಿಯ ಹೆಂಗಸರು ಬಿದ್ದು ಬಿದ್ದು ನಕ್ಕರು. "ಅಲ್ಲಾ ಕಣಕ್ಕಾ, ಮನೇಲಿರೋ ಇಲಿ ಸಾಲ್ದು ಅಂತ ಅಲ್ಲಿಗೂ ಓದ್ಯಾ?" ಎಂದು ನಲ್ಲಿಯ ಹತ್ತಿರ ಪಟಾಲಮ್ಮ ಕೇಳಿದಳು. ಮುನಿತಾಯಮ್ಮ ಕೊಡ ತುಂಬಿಸಿಕೊಂಡು ಬಂದಳು.

ನಲ್ಲಿಯ ಹತ್ತಿರ ಕೊಡುವ ಉತ್ತರವೂ ಅದಾಗಿರಲಿಲ್ಲ. ಮಗ ಬಿನ್ನಿ ಮಿಲ್ಲಿನಲ್ಲಿದ್ದ, ಸೊಸೆ ಒಳ್ಳೆಯವಳು, ಊಟಕ್ಕೆ ಬಟ್ಟೆಗೆ ತತ್ವಾರವೇನಿರಲಿಲ್ಲ. ಅವಳು ಕೆಲಸಕ್ಕೆ ಸೇರಿದ್ದು ನೆಲಕ್ಕಾಗಿ. ವಿಜಯನಗರದ ಬಡಾವಣೆ ಎದ್ದಾಗ ಅವರ ಎರಡೆಕರೆ ಹೊಲವೂ ಸರ್ಕಾರದ ಅಳತೆಯ ಸರಪಳಿಗೆ ಸಿಕ್ಕಿತು. ಹೊಲದ ಮೂಲೆಯಲ್ಲಿ, ಹೊಂಗೆಮರದ ಪಕ್ಕ, ಮನೆತನದ ಹಿರಿಯರು ಮಲಗಿದ್ದರು. ಮಾವ, ಅತ್ತೆ, ಭಾವ, ಕಡೆಗೆ ಗಂಡ. ತಲೆಯ ಹತ್ತಿರ ಒಂದೊಂದು ಕಲ್ಲು. ಬುಲ್ಡೋಜರ್ ಬಂತು, ಕಲ್ಲು ಹೋಯಿತು, ಹೊಂಗೆ ಮಾತ್ರ ಹೇಗೋ ಬದುಕಿಕೊಂಡಿತು. ಆ ಜಾಗದಲ್ಲಿ ರಕ್ತದ ಕಾಯಿಲೆಗಳ ಮೇಲೆ ಸಂಶೋಧನೆ ಮಾಡುವ ಸಣ್ಣ ಸಂಸ್ಥೆಯೊಂದು ತಲೆಯೆತ್ತಿತು. ಹೊಂಗೆಗೆ ಒತ್ತಿಕೊಂಡಂತೆ ಅದರ ಪ್ರಾಣಿಮನೆ, ಸಿಮೆಂಟ್ ಶೀಟಿನ ಉದ್ದನೆಯ ಶೆಡ್ಡು. ಮೊದಲ ವರ್ಷ ಮಹಾಲಯ ಅಮಾವಾಸ್ಯೆಗೆ ಎಡೆ ಹಿಡಿದುಕೊಂಡು ಹೋದವಳನ್ನು ವಾಚ್‌ಮನ್ ಗೇಟಿನಲ್ಲೇ ತಡೆದ. ಹಿರಿಯರ ಊಟವನ್ನು ಮುಳ್ಳುತಂತಿಯ ಈಚೆ, ರಸ್ತೆಯ ಜಲ್ಲಿಯ ಮೇಲೆ ಇಟ್ಟು ಬಂದಳು. ಮುಂದಿನ ತಿಂಗಳು ಪ್ರಾಣಿಮನೆಗೆ ಆಳು ಬೇಕಂತೆ ಎಂದು ಕಿವಿಗೆ ಬಿದ್ದದ್ದೇ ತಡ, ಹೋಗಿ ಹೆಬ್ಬೆಟ್ಟು ಒತ್ತಿದಳು.

ಹೊಂಗೆಯಿಂದ ಎಂಟು ಹೆಜ್ಜೆಗೆ ಹಿರಿಯರು ಮಲಗಿದ ಜಾಗ. ಶೆಡ್ಡಿನೊಳಗೆ ಅದು ಗೋಡೆ ಪಕ್ಕದ ಕಬ್ಬಿಣದ ಸ್ಟ್ಯಾಂಡಿನ ಬುಡಕ್ಕೆ ಬರುತ್ತಿತ್ತು. ಮೂರು ವರ್ಷ ಅಮಾವಾಸ್ಯೆಯ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದ ಮೇಲೆ, ಅಲ್ಲಿ ಎಲೆ ಹಾಕಿ ಹೆಸರು ಹೇಳಿ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕೂತಳು. ಹಿರಿಯರು ಉಣ್ಣುವಾಗ ಬದುಕಿದವರು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ, ಒಳಗೆ ಹೋಗಿ, ಎಲೆ ಎತ್ತಿ ಹೊಂಗೆಯ ಕೆಳಗೆ ಕಾಗೆಗೆ ಹಾಕಿದಳು. ಯಾರಿಗೂ ಗೊತ್ತಾಗಲಿಲ್ಲ, ಯಾರ ಗಂಟೂ ಹೋಗಲಿಲ್ಲ.

ನಾಲ್ಕನೆಯ ವರ್ಷ, ಅಂದರೆ ಎಪ್ಪತ್ತನಾಲ್ಕರಲ್ಲಿ, ಜಯದೇವಿ ಬಂದಳು. ದಾವಣಗೆರೆ ಕಡೆಯ ಹುಡುಗಿ, ಡಾಕ್ಟರಿಕೆ ಮುಗಿಸಿ ಅದರ ಮೇಲೆ ಇನ್ನೊಂದು ಓದು ಓದುತ್ತಿದ್ದಳು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ. ರಾಜಾಜಿನಗರದ ಸೋದರಮಾವನ ಮನೆಯಿಂದ ದಿನಾ ಬಸ್ಸಿಗೆ ಬಂದು, ಮಾಗಡಿ ರಸ್ತೆಯಿಂದ ಧೂಳು ತುಳಿದುಕೊಂಡು ನಡೆದು ಬರುತ್ತಿದ್ದಳು. ಬಂದವಳೇ ಮೊದಲು ನೋಡುವುದು ಫ್ರಿಜ್ಜಿನಲ್ಲಿಟ್ಟ ಒಂದು ಸಣ್ಣ ಸೀಸೆಯನ್ನು. ಅದರಲ್ಲಿರುವುದು ಏನು ಎಂದು ಕೇಳಿ ತಿಳಿದ ದಿನ ಮುನಿತಾಯಮ್ಮ ಗಲ್ಲಕ್ಕೆ ಕೈಯಿಟ್ಟಳು.

"ಉಚ್ಚೆನಾ! ನಾಲ್ಕು ತಿಂಗ್ಳು ಒಬ್ಬನ ಉಚ್ಚೆ ಕೂಡಾಕಿ, ಅದನ್ನ ಭಟ್ಟಿ ಇಳಿಸ್ದಂಗೆ ಇಳಿಸಿ, ಬೀಗ ಹಾಕಿ ಮಡಗಿದೀಯಾ? ಇಷ್ಟು ಓದಿರೋ ಮಗು!"

ಜಯದೇವಿ ನಕ್ಕಳು. ಆ ಶೆಡ್ಡಿನಲ್ಲಿ ಅವಳ ಮಾತಿಗೆ ಕಿವಿಗೊಡುವ ಜೀವ ಮುನಿತಾಯಮ್ಮ ಒಬ್ಬಳೇ. ಹಾಗಾಗಿ ಕೂತು ಬಿಡಿಸಿ ಹೇಳಿದಳು. "ನೋಡ್ರಿ ಮುನಿತಾಯಮ್ಮ, ರಕ್ತ ಹುಟ್ಟೋದು ಎಲುಬಿನೊಳಗೆ, ಮಜ್ಜೆಯಲ್ಲಿ."

"ಊಟದಿಂದ ಹುಟ್ತದೆ ಅಂತಾರಲ್ಲವ್ವ."

"ಊಟ ಗೊಬ್ಬರ ಇದ್ದಂಗೆ. ಸಸಿಮಡಿ ಇರೋದು ಎಲುಬೊಳಗೆ. ಎಳೇ ಕಣಗಳು ಅಲ್ಲಿ ಮೊಳೀತಾವೆ, ಬಲಿತು ಕೆಂಪಾಗಿ ರಕ್ತಕ್ಕೆ ಇಳೀತಾವೆ. ಆದ್ರೆ ಎಷ್ಟು ಮೊಳೀಬೇಕು ಅಂತ ಹೇಳೋದು ಮೂತ್ರಪಿಂಡ. ರಕ್ತ ಕಮ್ಮಿ ಆಯ್ತು ಅಂದ್ರೆ ಅದು ಒಂದು ಹಾರ್ಮೋನು ಕಳಿಸುತ್ತೆ. ಅದು ಬಂದು ಮುಟ್ಟಿದ್ರೆ ಸಾಕು, ಮಜ್ಜೆ ಎದ್ದು ಕೂತು ಕೆಲಸ ಶುರು ಮಾಡುತ್ತೆ."

"ಡಂಗುರ ಸಾರ್ದಂಗೆ ಅನ್ನು."

"ಹೂಂ, ಡಂಗುರಾನೇ. ಈ ರೋಗಿ ಕೆಂಗೇರಿಯವನು. ಅವನ ಮಜ್ಜೆ ಪೂರ್ತಿ ಒಣಗಿತ್ತು. ಡಂಗುರ ಎಷ್ಟು ಹೊಡೆದ್ರೂ ಏಳೋರೇ ಇಲ್ಲ. ಹಾರ್ಮೋನೆಲ್ಲ ಮೂತ್ರದಲ್ಲಿ ಹರಿದು ಹೋಗ್ತಾ ಇತ್ತು. ಅದನ್ನ ನಾನು ಹಿಡಿದಿಟ್ಟಿದೀನಿ. ಅವನು ಹೋದ ತಿಂಗಳು ತೀರಿಕೊಂಡ. ಇನ್ನು ಇದು ಸಿಗಲ್ಲ. ಇರೋದು ಒಂದೇ ಒಂದು ಪ್ರಯೋಗಕ್ಕೆ ಆಗೋವಷ್ಟು."

ಮುನಿತಾಯಮ್ಮ ನೀರಿನ ಬಾಟಲಿಗಳನ್ನು ತೊಳೆಯಲು ಕೂತಳು. ಆಮೇಲೆ, ಯಾರದೋ ವಿಷಯ ಎಂಬಂತೆ ಕೇಳಿದಳು. "ಬಾಣಂತಿಗೆ ರಕ್ತ ಹರಿದೋದ್ರೂ ಹಂಗೇ ಡಂಗುರ ಹೊಡೀತದಾ?"

"ಹೊಡೆಯುತ್ತೆ. ಆದ್ರೆ ಮೊಳೆತು ಮೇಲೆ ಬರೋಕೆ ಐದಾರು ದಿನನಾದ್ರೂ ಬೇಕು."

"ಒಂದೇ ಮಧ್ಯಾಹ್ನಕ್ಕೆ ಎಲ್ಲಾ ಹರಿದೋದ್ರೆ?"

ಜಯದೇವಿ ತಲೆಯೆತ್ತಿ ನೋಡಿದಳು. ಮುನಿತಾಯಮ್ಮ ಬಾಟಲಿಯ ಕತ್ತಿನಲ್ಲಿ ಬ್ರಷ್ಷು ತಿರುಗಿಸುತ್ತಿದ್ದಳು. "ಆಗ ಟೈಮ್ ಸಾಲಲ್ಲ ರೀ" ಎಂದಳು ಜಯದೇವಿ.

ಪ್ರಯೋಗ ಹೀಗಿತ್ತು. ಹದಿನಾರು ಇಲಿ, ಒಂದೊಂದಕ್ಕೆ ಒಂದೊಂದು ಪಂಜರ, ಸ್ಟ್ಯಾಂಡಿನಲ್ಲಿ ಮೇಲೆ ಎಂಟು, ಕೆಳಗೆ ಎಂಟು. ಸೋಮವಾರದಿಂದ ಶನಿವಾರದವರೆಗೆ ಎಲ್ಲಕ್ಕೂ ಬರೀ ನೀರು, ಒಂದು ಕಾಳಿಲ್ಲ. ಹಸಿದ ಮೈ ರಕ್ತ ಬೆಳೆಸುವ ಗೋಜಿಗೆ ಹೋಗುವುದಿಲ್ಲ, ಡಂಗುರ ನಿಲ್ಲುತ್ತದೆ, ಮಜ್ಜೆ ನಿದ್ದೆ ಹೋಗುತ್ತದೆ. ಆಗ ಮೇಲಿನ ಎಂಟಕ್ಕೆ ಸೀಸೆಯ ಹಾರ್ಮೋನು, ಕೆಳಗಿನ ಎಂಟಕ್ಕೆ ಬರೀ ಉಪ್ಪುನೀರು ಚುಚ್ಚುವುದು. ಶನಿವಾರ ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು ನೀಲಿ ಬಣ್ಣ ಹಾಕಿ ನೋಡಿದರೆ, ಆಗತಾನೆ ಹುಟ್ಟಿದ ಕಣಗಳಲ್ಲಿ ಮಾತ್ರ ನೀಲಿ ಬಲೆ ಕಾಣುತ್ತದೆ. ಮೇಲಿನ ಸಾಲಿನಲ್ಲಿ ನೀಲಿ ಬಂದು ಕೆಳಸಾಲಿನಲ್ಲಿ ಬಾರದಿದ್ದರೆ, ಮಜ್ಜೆಯನ್ನು ಎಬ್ಬಿಸಿದ್ದು ಆ ಹಾರ್ಮೋನೇ ಎಂದು ತೀರ್ಮಾನ. ಜಯದೇವಿಯ ಫೆಲೋಷಿಪ್ಪು ಡಿಸೆಂಬರಿಗೆ ಮುಗಿಯುತ್ತಿತ್ತು. ಇದು ಕೈಹಿಡಿದರೆ ಥೀಸಿಸ್ಸು, ಇಲ್ಲದಿದ್ದರೆ ದಾವಣಗೆರೆ ಬಸ್ಸು.

ಆ ಸೋಮವಾರದ ಮಾರನೆಯ ದಿನವೇ ಮಹಾಲಯ ಅಮಾವಾಸ್ಯೆ.

ಮಂಗಳವಾರ ಬೆಳಿಗ್ಗೆ ಜಯದೇವಿ ಸೂಜಿ ಚುಚ್ಚಿ ಮುಗಿಸಿ ಲೈಬ್ರರಿಗೆ ಹೋದಳು. ಬಿನ್ನಿ ಮಿಲ್ಲಿನ ಮಧ್ಯಾಹ್ನದ ಸೈರನ್ ಕೂಗಿದ ಮೇಲೆ ಮುನಿತಾಯಮ್ಮ ಸೆರಗಿನಡಿಯ ಗಂಟು ಬಿಚ್ಚಿದಳು. ಅನ್ನಕ್ಕೆ ಕರಿಎಳ್ಳು ಕಲಸಿ ಕಟ್ಟಿದ ಉಂಡೆ ಐದು. ಮಾವನಿಗೆ, ಅತ್ತೆಗೆ, ಭಾವನಿಗೆ, ಗಂಡನಿಗೆ ನಾಲ್ಕು. ಐದನೆಯದನ್ನು ಅವಳು ಎಂದೂ ಆ ನಾಲ್ಕರ ಸಾಲಿಗೆ ಇಡುತ್ತಿರಲಿಲ್ಲ. ಅದು ಮಗಳದ್ದು. ಚೊಚ್ಚಲ ಹೆರಿಗೆಯಲ್ಲಿ ರಕ್ತ ಹರಿದು ಹೋದ ಹುಡುಗಿ. ಬಾಣಂತಿಯಾಗಿ ಸತ್ತವಳನ್ನು ಹಿರಿಯರ ಪಕ್ಕ ಮಲಗಿಸುವುದಿಲ್ಲ, ಹಿರಿಯರ ಜತೆ ಎಡೆಯಿಲ್ಲ, ಮನೆಯೊಳಗೆ ಹೆಸರೆತ್ತುವಂತೆಯೂ ಇಲ್ಲ ಎಂದು ಕುಲದವರು ಕಟ್ಟು ಮಾಡಿದ್ದರು. ಕುಲದವರ ಮಾತು ಕುಲದವರಿಗೆ. ಮುನಿತಾಯಮ್ಮ ಪ್ರತಿವರ್ಷ ಐದನೆಯ ಉಂಡೆಯನ್ನು ದೂರದಲ್ಲಿ, ಗೋಡೆಯ ಮೂಲೆಗೆ ಇಟ್ಟು, ತುಟಿಯಲ್ಲೇ ಹೆಸರು ಹೇಳಿಕೊಳ್ಳುತ್ತಿದ್ದಳು. ಆ ಉಂಡೆ ಉಳಿದ ನಾಲ್ಕಕ್ಕಿಂತ ಯಾವಾಗಲೂ ಒಂದು ತುತ್ತು ದೊಡ್ಡದು.

ಎಡೆಯಿಟ್ಟು, ಹೊರಗೆ ಕೂತು, ಬಾಗಿಲು ತಟ್ಟಿ ಒಳಗೆ ಬಂದಳು. ಬಂದವಳು ಅಲ್ಲೇ ನಿಂತುಬಿಟ್ಟಳು. ಎಲೆಗೆ ಹತ್ತಿರದ ಕೆಳಸಾಲಿನಲ್ಲಿ, ಎರಡು ದಿನದಿಂದ ಕಾಳು ಕಾಣದ ಇಲಿಗಳು ತಂತಿಗೆ ಮೂತಿ ಒತ್ತಿಕೊಂಡು, ಪುಟ್ಟ ಕೈಗಳಿಂದ ಕಂಬಿ ಹಿಡಿದುಕೊಂಡು ಕೆಳಗಿನ ಅನ್ನವನ್ನೇ ನೋಡುತ್ತಿದ್ದವು. ಸದ್ದಿಲ್ಲ, ಕಿಚಕಿಚವಿಲ್ಲ. ಮೂರು ವರ್ಷ ಈ ಜಾಗದಲ್ಲಿ ಹೊಟ್ಟೆತುಂಬಿದ ಇಲಿಗಳಿದ್ದವು, ಎಡೆಯ ಕಡೆ ತಿರುಗಿಯೂ ನೋಡಿರಲಿಲ್ಲ. ಈ ವರ್ಷ ಹಿರಿಯರು ಮಲಗಿದ ಜಾಗದ ಮೇಲೆ ಹಸಿದುಕೊಂಡು ಕೂತಿರುವುದು ಯಾರು? ಹಿರಿಯರು ಯಾವ ರೂಪದಲ್ಲಿ ಬರುತ್ತಾರೋ ಹೇಳಿದವರ್ಯಾರು?

ಕಾಳು ಹಾಕಬಾರದೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಯೋಚಿಸಿದಳು. ಜಯದೇವಿಯ ಔಷಧಿ ಇರುವುದು ಮೇಲಿನ ಸಾಲಿಗೆ. ಅದನ್ನು ಮುಟ್ಟಬಾರದು. ಕೆಳಗಿನವಕ್ಕೆ ಬರೀ ಉಪ್ಪುನೀರು. ಏನೂ ಕೊಡದೆ ಇಟ್ಟವಕ್ಕೆ ಒಂದು ತುತ್ತು ಕೊಟ್ಟರೆ ಏನು ಕೆಡುತ್ತದೆ? ಪಂಜರಗಳ ಮುಚ್ಚಳ ತೆಗೆದು, ಒಂದರಿಂದ ನಾಲ್ಕರವರೆಗೆ ನಾಲ್ಕು ಉಂಡೆ ಇಟ್ಟಳು. ಐದನೆಯದನ್ನು ಕೊನೆಗೆ, ಗೋಡೆಯ ಮೂಲೆಯ ಎಂಟನೆಯ ಪಂಜರಕ್ಕೆ. ಐದು, ಆರು, ಏಳಕ್ಕೆ ಕೊಡಲು ಏನೂ ಉಳಿದಿರಲಿಲ್ಲ. "ನನ್ ತಪ್ಪ ಒಟ್ಟೆಗೆ ಹಾಕ್ಕಳಿ" ಎಂದು ಅವುಗಳಿಗೆ ಕೈ ಮುಗಿದು ಹೊರಬಂದಳು.

ಶನಿವಾರ ಜಯದೇವಿ ಬೆಳಿಗ್ಗೆಯಿಂದ ಸಂಜೆಯವರೆಗೆ ಸೂಕ್ಷ್ಮದರ್ಶಕದ ಮೇಲಿನಿಂದ ಕತ್ತೆತ್ತಲಿಲ್ಲ. ಮಧ್ಯಾಹ್ನ ಒಮ್ಮೆ ಮುಖ ಅರಳಿತ್ತು. ಸಂಜೆಗೆ ಬಾಡಿತ್ತು.

ಸೋಮವಾರ ಬೆಳಿಗ್ಗೆ ಸಂಸ್ಥೆಯ ಮುಖ್ಯಸ್ಥರು ಡಾಕ್ಟರ್ ಸೇತುರಾಮ ಪ್ರಾಣಿಮನೆಗೇ ಬಂದರು. ಸಿಟ್ಟು ಬಂದಾಗ ದನಿ ಇಳಿಸುವ ಮನುಷ್ಯ. ಮುನಿತಾಯಮ್ಮ ಪೊರಕೆ, ಹೊಸ ಮರದ ಹೊಟ್ಟಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪ್ರತಿ ಸೋಮವಾರ ಪಂಜರಗಳ ಹಳೇ ಹೊಟ್ಟು ತೆಗೆದು ಹೊಸದು ಹಾಕುವುದು ಅವಳ ಕೆಲಸ.

"ಮೇಲಿನ ಸಾಲು ಸರಿ" ಎಂದರು ಸೇತುರಾಮ. "ಆದ್ರೆ ಕೆಳಗೆ ನೋಡಿ. ಉಪ್ಪುನೀರು ಕೊಟ್ಟಿದ್ರೆ ಇಷ್ಟು ಯಂಗ್ ಸೆಲ್ಸ್ ಹೇಗೆ ಬರುತ್ತೆ? ಎಂಟರಲ್ಲಿ ಮೂರರಲ್ಲಿ ಮಾತ್ರ ಇಲ್ಲ, ಐದರಲ್ಲಿ ಇದೆ. ನೀವು ಸಿರಿಂಜು ಬದಲಾಯಿಸಿ ಇವಕ್ಕೂ ಹಾರ್ಮೋನೇ ಚುಚ್ಚಿಬಿಟ್ಟಿದೀರ, ಜಯದೇವಿ. ಯಾವುದಕ್ಕೆ ಯಾವುದು ಹೋಯ್ತು ಅಂತಾನೇ ಗೊತ್ತಿಲ್ಲ ಅಂದ್ಮೇಲೆ ಮೇಲಿನ ಸಾಲನ್ನ ನಂಬೋದು ಹೇಗೆ?"

"ಬದಲಾಯಿಸಿಲ್ಲ ಸಾರ್" ಎಂದಳು ಜಯದೇವಿ. ಮತ್ತೆ ತಾನೇ, ಸಣ್ಣ ದನಿಯಲ್ಲಿ, "ಬದಲಾಯಿಸಿಲ್ಲ ಅಂತ ಅಂದ್ಕೊಂಡಿದೀನಿ" ಎಂದಳು. ತನ್ನ ಎರಡೂ ಕೈಗಳನ್ನು, ಅವು ಬೇರೆಯವರ ಕೈಗಳೇನೋ ಎಂಬಂತೆ ನೋಡಿಕೊಂಡಳು.

"ಫೆಲೋಷಿಪ್ ಮುಂದುವರಿಸಿ ಅಂತ ನಾನು ಬರೆಯೋಕಾಗಲ್ಲ. ಸಾರಿ" ಎಂದು ಹೇಳಿ ಸೇತುರಾಮ ಹೋದರು.

ಐದು ಎಂಬ ಮಾತು ಮುನಿತಾಯಮ್ಮನ ಕಿವಿಗೂ ಬಿದ್ದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಸುಳ್ಳಲ್ಲ. ಅವಳು ಸ್ಟ್ಯಾಂಡಿನ ಹತ್ತಿರ ಹೋಗಿ ಬಗ್ಗಿದಳು. ಒಂದನೆಯ ಪಂಜರದ ಹೊಟ್ಟಿನಲ್ಲಿ, ಮೂಲೆಗೆ ಒತ್ತಿ, ಒಣಗಿದ ಅನ್ನದ ಅಗುಳು ಎರಡು, ಕರಿಎಳ್ಳು ನಾಲ್ಕು. ಇಲಿ ಒಂದೇ ಸಲ ತಿಂದಿರಲಿಲ್ಲ. ಬಚ್ಚಿಟ್ಟುಕೊಂಡು ಎರಡು ದಿನ ಉಂಡಿತ್ತು.

ಪೊರಕೆ ಕೈಯಲ್ಲೇ ಇತ್ತು. ಇವತ್ತು ಸೋಮವಾರ. ಹೊಟ್ಟು ಎತ್ತಿ ಗುಂಡಿಗೆ ಸುರಿಯುವುದು ಅವಳ ಕೆಲಸ, ಸುರಿದರೆ ಯಾಕೆ ಎಂದು ಕೇಳುವವರಿಲ್ಲ. ಹೇಳಿದರೆ ಗೇಟಿನಾಚೆ. ಗೇಟಿನಾಚೆ ಅಂದರೆ ಮತ್ತೆ ಮುಳ್ಳುತಂತಿ, ಮತ್ತೆ ಜಲ್ಲಿಕಲ್ಲಿನ ಮೇಲೆ ಎಡೆ. ಮಗಳ ಹೆಸರು ಹೇಳಿಕೊಳ್ಳಲು ಈ ಭೂಮಿಯ ಮೇಲೆ ಅವಳಿಗೆ ಇದ್ದದ್ದು ಈ ಗೋಡೆಯ ಮೂಲೆ ಒಂದೇ. ಬಿಸಿತುಪ್ಪ ಬಾಯಿಗೆ ಬಿದ್ದಂತಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಆಚೆ ಸ್ಟೂಲಿನ ಮೇಲೆ ಜಯದೇವಿ ಇನ್ನೂ ಕೈ ನೋಡಿಕೊಳ್ಳುತ್ತಲೇ ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಮುನಿತಾಯಮ್ಮ ಪೊರಕೆ ಆಡಿಸಿಬಿಡುತ್ತಿದ್ದಳೋ ಏನೋ, ಅಳು ಒಂದು ದಿನಕ್ಕೆ ಆರುತ್ತದೆ. ಆದರೆ ತನ್ನ ಕೈಯನ್ನೇ ನಂಬದವಳು ಇನ್ನು ಯಾವ ರೋಗಿಯ ಮೈಗೆ ಸೂಜಿ ಹಾಕಿಯಾಳು? ಚೊಚ್ಚಲು ಬಾಣಂತಿ ರಕ್ತ ಸುರಿದುಕೊಂಡು ಮಲಗಿದ ದಿನ ಇಂಥ ಒಬ್ಬಳು ಡಾಕ್ಟರು ಹತ್ತಿರದಲ್ಲಿದ್ದಿದ್ದರೆ ಎಂದು ಒಂಬತ್ತು ವರ್ಷ ಹಂಬಲಿಸಿದವಳು ತಾನೇ ಅಲ್ಲವೆ?

ಮುನಿತಾಯಮ್ಮ ಪೊರಕೆ ಕೆಳಗಿಟ್ಟಳು.

"ನಿನ್ನ ಕೈ ಸರಿಯಾಗೈತೆ ಕಣವ್ವ. ತಪ್ಪಿದ್ದು ನನ್ನದು. ಕೆಳಗಿನವಕ್ಕೆ ನಾನು ಅನ್ನ ಇಕ್ಕಿದೆ."

ಜಯದೇವಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಯಾವುದಕ್ಕೆ?"

"ಹೊಂಗೆ ಕಡೆಯಿಂದ ನಾಲ್ಕಕ್ಕೆ. ಗೋಡೆ ಮೂಲೇಲಿ ಒಂದಕ್ಕೆ. ನಡುವೆ ಮೂರಕ್ಕೆ ಇಲ್ಲ."

ಜಯದೇವಿ ಹಾರಿ ಎದ್ದಳು. ಶನಿವಾರದ ಲೆಕ್ಕದ ಹಾಳೆ ಬಿಡಿಸಿದಳು. ಒಂದು, ಎರಡು, ಮೂರು, ನಾಲ್ಕು, ನೀಲಿ ತುಂಬಿತ್ತು. ಐದು, ಆರು, ಏಳು, ಇಡೀ ಗಾಜಿಗೆ ಒಂದೆರಡು. ಎಂಟು, ಮತ್ತೆ ತುಂಬಿತ್ತು. ಓಡಿಹೋಗಿ ಹೊಟ್ಟಿನೊಳಗೆ ಬೆರಳಾಡಿಸಿದಳು. ನಾಲ್ಕು ಪಂಜರದಲ್ಲಿ ಎಳ್ಳು, ಅಗುಳು. ಮೂರರಲ್ಲಿ ಬರೀ ಹೊಟ್ಟು. ಎಂಟನೆಯದರಲ್ಲಿ ಒಣಗಿದ ಅನ್ನದ ಚೂರು ಇನ್ನೂ ಉಳಿದಿತ್ತು.

"ಅಂದ್ರೆ ಹಸಿದಿದ್ದವು ನಿಜವಾಗ್ಲೂ ಮಲಗಿದ್ವು" ಎಂದಳು ತನ್ನಷ್ಟಕ್ಕೆ. "ಉಂಡವು ಎದ್ವು. ಮೇಲಿನವು ಉಣ್ಣದೇನೇ ಎದ್ವು. ಮುನಿತಾಯಮ್ಮ, ಎಲ್ಲಾ ಸರಿಯಾಗಿದೆ ರೀ!" ಮತ್ತೆ ಹಾಳೆ ನೋಡಿ ಹುಬ್ಬು ಗಂಟಿಕ್ಕಿದಳು. "ಆದ್ರೆ ಎಂಟನೇದ್ರಲ್ಲಿ ಉಳಿದ ನಾಲ್ಕಕ್ಕಿಂತ ಜಾಸ್ತಿ ಹೊಸ ರಕ್ತ ಇದೆ. ಅದೊಂದಕ್ಕೆ ಯಾಕೆ?"

ಮುನಿತಾಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಆ ಸೆರಗಿನೊಳಗಿಂದಲೇ ಹೇಳಿದಳು. "ಬಾಣಂತಿ ಕಣವ್ವ. ಒಂದು ತುತ್ತು ಹೆಚ್ಚಿಗೆ ಇಕ್ಕಿದ್ದೆ."

ಆಮೇಲೆ ಎಲ್ಲವನ್ನೂ ಹೇಳಿದಳು. ಹೊಲ, ಕಲ್ಲು, ಎಂಟು ಹೆಜ್ಜೆ, ಕುಲದವರ ಕಟ್ಟು.

ಸೇತುರಾಮ ಎರಡನೆಯ ಸಲ ಬಂದು ಕೇಳಿದರು, ಪಂಜರಗಳನ್ನು ತಾವೇ ಬಗ್ಗಿ ನೋಡಿದರು, ಕನ್ನಡಕ ಒರೆಸಿದರು. "ಹೋಲಿಸಿ ನೋಡೋಕೆ ಮೂರೇ ಆದ್ರೂ ಕಂಟ್ರೋಲ್ಸ್ ಇವೆ. ಸಾಕು. ನಿಮ್ಮ ಕೈ ಬಗ್ಗೆ ನಾನು ಆಡಿದ ಮಾತು ವಾಪಸ್ ತಗೊಳ್ತೀನಿ" ಎಂದರು ಜಯದೇವಿಗೆ. ಆಮೇಲೆ ಮುನಿತಾಯಮ್ಮನ ಕಡೆ ತಿರುಗಿ ದನಿ ಇಳಿಸಿದರು. "ನಿಮ್ಮನ್ನ ಕೆಲಸದಿಂದ ತೆಗೀಬೇಕು."

"ತೆಗೀರಿ ಬುದ್ಧಿ. ಮಾಡಿದ್ದುಣ್ಣೋ ಮಾರಾಯ."

"ಸಾರ್" ಎಂದಳು ಜಯದೇವಿ, "ಅವರ ಕೈಯಲ್ಲಿ ಪೊರಕೆ ಇತ್ತು."

ಸೇತುರಾಮ ನೆಲದ ಮೇಲೆ ಬಿದ್ದಿದ್ದ ಪೊರಕೆ ನೋಡಿದರು, ಗುಡಿಸದೆ ಉಳಿದ ಹೊಟ್ಟು ನೋಡಿದರು. ಕಡೆಗೆ ಒಂದು ಮೆಮೋ ಕೊಡುತ್ತೇನೆ, ಹೆಬ್ಬೆಟ್ಟು ಒತ್ತಿ ಎಂದರು. ಹೊರಟವರು ಬಾಗಿಲಲ್ಲಿ ನಿಂತು ಹೇಳಿದರು, "ಮುಂದಿನ ವರ್ಷದಿಂದ ಆ ಅಮಾವಾಸ್ಯೆ ವಾರ ಯಾವ ಇಲೀನೂ ಉಪವಾಸ ಹಾಕೋದು ಬೇಡ. ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಳ್ಳಿ, ಜಯದೇವಿ."

ಸಂಜೆ ಜಯದೇವಿ ಪ್ರಯೋಗದ ಪುಸ್ತಕ ತೆರೆದಳು. ಲೆಕ್ಕದಿಂದ ಬಿಟ್ಟ ಪ್ರತಿ ಇಲಿಯ ಮುಂದೆ ಬಿಟ್ಟ ಕಾರಣ ಬರೆಯಬೇಕೆಂಬುದು ಅಲ್ಲಿನ ನಿಯಮ. 'ಆಹಾರ ನೀಡಲಾಗಿತ್ತು' ಎಂದು ಐದು ಸಲ ಬರೆದಳು. ಪೆನ್ನು ನಿಲ್ಲಿಸಿ, "ಯಾರ್ಯಾರ ಹೆಸರಲ್ಲಿ ಕೊಟ್ರಿ? ಹೇಳ್ರಿ" ಎಂದಳು. ಮುನಿತಾಯಮ್ಮ ಹೇಳಿದಳು. ಗಂಡನ ಹೆಸರಿಗೆ ಬಂದಾಗ ಮಾತ್ರ ನಾಚಿ, "ಮೊದ್ಲು ಮುನಿ ಅಂತ ಬರ್ಕೊ, ಆಮೇಲೆ ತಿರುಪತಿ ದೇವ್ರನ್ನ ಸೇರ್ಸು" ಎಂದಳು. ಐದನೆಯ ಹೆಸರನ್ನು ಅವಳು ಎಷ್ಟು ಮೆಲ್ಲಗೆ ಹೇಳಿದಳೆಂದರೆ ಜಯದೇವಿ ಕಿವಿಯನ್ನು ಹತ್ತಿರ ತರಬೇಕಾಯಿತು.

"ಏನು ಬರೆದೆ, ಓದವ್ವ. ನಂಗೆ ಅಕ್ಸರ ಬರಾಕಿಲ್ಲ."

ಜಯದೇವಿ ಪುಸ್ತಕವನ್ನು ಬೆಳಕಿಗೆ ಹಿಡಿದು, ತರಗತಿಯಲ್ಲಿ ಹಾಜರಿ ಕರೆಯುವ ಹಾಗೆ, ಗಟ್ಟಿಯಾಗಿ ಓದಿದಳು. "ಒಂದನೇ ಪಂಜರ, ದೊಡ್ಡಣ್ಣ. ಎರಡು, ಲಿಂಗಮ್ಮ. ಮೂರು, ಮುನಿಯಣ್ಣ. ನಾಲ್ಕು, ಮುನಿವೆಂಕಟಪ್ಪ. ಎಂಟು, ಚಿಕ್ಕಗಂಗಮ್ಮ."

ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಒಂಬತ್ತು ವರ್ಷವಾಗಿತ್ತು. ಅದೂ ಹಿರಿಯರ ಸಾಲಿನಲ್ಲಿ, ಅವರ ಜತೆಗೇ. ಮುನಿತಾಯಮ್ಮ ಪುಸ್ತಕದ ಹತ್ತಿರಕ್ಕೆ ಸರಿದಳು.

"ಇನ್ನೊಂದು ಸಲ ಓದವ್ವ" ಎಂದಳು.

"ಐದೂ ಓದ್ಲಾ?"

"ಬ್ಯಾಡ. ಕಡೇದೊಂದು ಸಾಕು."

ಜಯದೇವಿ ಓದಿದಳು.